ಕೂಡಿಸುವವರ ಕೆಲಸ
(ಬಾನುಲಿ ಭಾಷಣ)

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಹೊಸ ಹುದ್ದೆಯ ಹೆಸರು ಕೇಳಿಬರುತ್ತಿದೆ. “ನಮ್ಮ ಹುಡುಗಿಗೆ ಪ್ರಾಜೆಕ್ಟ್ ಕೋಆರ್ಡಿನೇಟರ್ ಕೆಲಸ ಸಿಕ್ಕಿತು” ಎಂದು ತಾಯಿ ಸಂತೋಷದಿಂದ ಹೇಳುತ್ತಾಳೆ. “ಹಾಗೆಂದರೆ ಏನು ಮಾಡಬೇಕು?” ಎಂದು ನೆರೆಮನೆಯಾಕೆ ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ವೈದ್ಯನು ಮದ್ದು ಕೊಡುತ್ತಾನೆ, ಬಡಗಿ ಬಾಗಿಲು ಮಾಡುತ್ತಾನೆ, ಉಪಾಧ್ಯಾಯನು ಪಾಠ ಹೇಳುತ್ತಾನೆ. ಈ ಹುಡುಗಿ ಮಾಡುವುದೇನು? ಸಣ್ಣ ಉದ್ಯಮಗಳಿಗೆ ನೆರವಾಗುವ ಸಂಸ್ಥೆಗಳಲ್ಲಿ ನನ್ನ ಕೆಲವರು ಹಳೆಯ ಶಿಷ್ಯರು ಈ ಕೆಲಸದಲ್ಲಿದ್ದಾರೆ. ಅವರಿಂದ ಕೇಳಿ ತಿಳಿದುದನ್ನೂ, ಅದರ ಮೇಲೆ ನನಗೆ ತೋರಿದುದನ್ನೂ ನಿಮ್ಮ ಮುಂದಿಡುತ್ತೇನೆ.

ಕನ್ನಡದಲ್ಲಿ ಈ ಹುದ್ದೆಯನ್ನು ‘ಯೋಜನಾ ಸಂಯೋಜಕ’ ಎನ್ನುತ್ತಾರೆ. ಈ ಎರಡು ಪದಗಳೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತದಲ್ಲಿ ‘ಯುಜ್’ ಎಂಬ ಧಾತುವಿದೆ. ಅದಕ್ಕೆ ಕೂಡಿಸು, ಹೂಡು ಎಂದರ್ಥ. ಎರಡು ಎತ್ತುಗಳನ್ನು ಒಂದು ನೊಗಕ್ಕೆ ಹೂಡುತ್ತೇವಲ್ಲ, ಆ ಹೂಡುವಿಕೆ. ಯೋಗ, ಯೋಜನೆ, ಸಂಯೋಜನೆ ಇವೆಲ್ಲ ಆ ಧಾತುವಿನಿಂದಲೇ ಬಂದವು. ಉದ್ಯೋಗವೂ ಅದರಿಂದಲೇ, ಪ್ರಯೋಜನವೂ ಅದರಿಂದಲೇ. ಸರಿಯಾಗಿ ಕೂಡಿಸಿದರೆ ಉದ್ಯೋಗ ಹುಟ್ಟುತ್ತದೆ, ಉದ್ಯೋಗದಿಂದ ಪ್ರಯೋಜನ ಹುಟ್ಟುತ್ತದೆ ಎಂದು ಪದಗಳೇ ನಮಗೆ ಹೇಳುತ್ತಿರುವಂತಿದೆ.

ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಕಲಿತದ್ದು ನಿಮಗೆ ನೆನಪಿರಬಹುದು. ‘ಹುಡುಗಿ, ಮರ, ಹಣ್ಣು, ಬುಟ್ಟಿ, ಹಾಕು’ ಎಂದರೆ ಐದು ಪದಗಳಾದುವೇ ಹೊರತು ವಾಕ್ಯವಾಗಲಿಲ್ಲ. ‘ಹುಡುಗಿಯು ಮರದ ಹಣ್ಣನ್ನು ಬುಟ್ಟಿಯಲ್ಲಿ ಹಾಕಿದಳು’ ಎಂದಾಗ ಅರ್ಥ ಮೂಡಿತು. ನಡುವೆ ಸೇರಿದ ಉ, ಅ, ಅನ್ನು, ಅಲ್ಲಿ ಎಂಬವಕ್ಕೆ ತಮ್ಮಷ್ಟಕ್ಕೆ ಅರ್ಥವಿಲ್ಲ. ಆದರೂ ಅವಿಲ್ಲದೆ ಅರ್ಥವೇ ಇಲ್ಲ. ಒಂದೂರಿನಲ್ಲಿ ಕೈಚಳಕವುಳ್ಳ ಹೆಂಗಸಿದ್ದಾಳೆ, ಬ್ಯಾಂಕಿದೆ, ಸರಕಾರದ ಯೋಜನೆಯಿದೆ, ಯಂತ್ರ ಮಾರುವವನಿದ್ದಾನೆ, ಪೇಟೆಯೂ ಇದೆ. ಐದೂ ಇದ್ದರೂ ಉದ್ಯಮವಿಲ್ಲ. ಈ ಐದನ್ನು ವಾಕ್ಯವಾಗಿಸುವ ಪ್ರತ್ಯಯವೇ ಸಂಯೋಜಕ.

ಹುದ್ದೆಯ ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸಂಪದಭ್ಯುದಯ ಸಮಾಜ ಹುಟ್ಟಿತು. ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ವಿದ್ಯೆ ಈ ಮೂರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿ ಆಲೋಚಿಸುವುದು ಅದರ ಉದ್ದೇಶ. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ನಮ್ಮ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಬೆಂಗಳೂರಿನ ವಾಣಿಜ್ಯ ಮಂಡಳಿ ಸ್ಥಾಪನೆಯಾದುವು. ಸಾಹಿತ್ಯ ಪರಿಷತ್ತಿನ ಹುಟ್ಟಿಗೆ ಕಾರಣವಾದುದೂ ಆ ಸಂಪದಭ್ಯುದಯ ಸಮಾಜದ ಪ್ರಯತ್ನವೇ ಎಂಬುದು ಕನ್ನಡ ಕಲಿಸುವ ನನಗೆ ಹೆಮ್ಮೆಯ ಸಂಗತಿ. ಸಂಪತ್ತೂ ಭಾಷೆಯೂ ಬೇರೆ ಬೇರೆ ಕೇರಿಗಳವಲ್ಲವೆಂಬುದನ್ನು ಆ ಹಿರಿಯರು ಕಂಡಿದ್ದರು.

ಸ್ವಾತಂತ್ರ್ಯದ ತರುವಾಯ 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಬಂದಿತು. 1978ರಲ್ಲಿ ಜಿಲ್ಲೆಗೊಂದು ಕೈಗಾರಿಕಾ ಕೇಂದ್ರವೆಂಬ ಯೋಜನೆ ಆರಂಭವಾಯಿತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ, ಅಂದಿನ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಸ್ವಉದ್ಯೋಗ ತರಬೇತಿ ಸಂಸ್ಥೆಯೊಂದನ್ನು ತೆರೆದುವು. ಆ ಮಾದರಿಯನ್ನು ಕೇಂದ್ರ ಸರಕಾರವು 2009ರಲ್ಲಿ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಲು ಹೊರಟಿತು. ಅದರ ಕ್ರಮವನ್ನು ಗಮನಿಸಿ: ತರಬೇತಿ ಕೆಲವೇ ವಾರಗಳದು, ತರಬೇತಿಯ ಅನಂತರ ಬೆನ್ನಿಗೆ ನಿಂತು ವಿಚಾರಿಸಿಕೊಳ್ಳುವ ಅವಧಿ ಎರಡು ವರ್ಷಗಳದು. ಈ ಎರಡು ವರ್ಷಗಳಲ್ಲೇ ಸಂಯೋಜಕನ ನಿಜವಾದ ಕೆಲಸವಿದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಉತ್ತರ ಕರ್ನಾಟಕದ ಒಂದು ಊರು. ಶಾಂತವ್ವನೆಂಬಾಕೆ ಜೋಳದ ಕಡಕ್ ರೊಟ್ಟಿ ಮಾಡಿ ನೆರೆಹೊರೆಗೆ ಮಾರುತ್ತಾಳೆ. ಅವಳ ರೊಟ್ಟಿ ತೆಳುವು, ತಿಂಗಳಿಟ್ಟರೂ ಕೆಡದು. ಯಂತ್ರವೊಂದನ್ನು ತಂದು ನಾಲ್ವರಿಗೆ ಕೆಲಸ ಕೊಟ್ಟು ದೊಡ್ಡದಾಗಿ ಮಾಡಬೇಕೆಂದು ಅವಳ ಆಸೆ. ಸಂಯೋಜಕಿ ಅವಳ ಪಡಸಾಲೆಯಲ್ಲಿ ಬಂದು ಕುಳಿತಿದ್ದಾಳೆ.

ಮೊದಲ ತೊಡಕು ಹೆಸರಿನಲ್ಲೇ. ಆಧಾರ್ ಚೀಟಿಯಲ್ಲಿ ಶಾಂತವ್ವ, ಪ್ಯಾನ್ ಚೀಟಿಯಲ್ಲಿ ಶಾಂತಾ, ಪಡಿತರ ಚೀಟಿಯಲ್ಲಿ ಶಾಂತಮ್ಮ. ಊರಿಗೆ ಒಬ್ಬಳೇ ಆದವಳು ಬ್ಯಾಂಕಿಗೆ ಮೂವರು. ಇಂಥವರು ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಮ್ಮ ಹೆಸರು ಹೇಗಿದೆಯೆಂದು ನೋಡಿಸಲು ಬರುವುದನ್ನು ನಮ್ಮಂಥ ಉಪಾಧ್ಯಾಯರೆಲ್ಲ ಕಂಡಿರುತ್ತೇವೆ. ಮೂವರನ್ನು ಒಬ್ಬಳನ್ನಾಗಿ ಮಾಡಲು ಎಷ್ಟೋ ಸಲ ವಾರಗಳೇ ಹಿಡಿಯುತ್ತವೆ.

ಎರಡನೆಯದು ಅನುಕ್ರಮ. ಯಂತ್ರಕ್ಕೆ ಮೂರು ಫೇಸಿನ ವಿದ್ಯುತ್ತು ಬೇಕು. ಅದಕ್ಕೆ ಮೊದಲು ಜಾಗದ ಕಾಗದವಾಗಬೇಕು, ಬಾಡಿಗೆಯ ಜಾಗವಾದರೆ ಕರಾರುಪತ್ರವಾಗಬೇಕು. ಆಹಾರ ಸುರಕ್ಷತೆಯ ನೋಂದಣಿಯಾಗಿ ಹದಿನಾಲ್ಕು ಅಂಕಿಗಳ ಸಂಖ್ಯೆ ಬರಬೇಕು; ಅದು ಬಾರದೆ ಪೊಟ್ಟಣದ ಚೀಟಿಯನ್ನು ಅಚ್ಚು ಹಾಕಿಸುವಂತಿಲ್ಲ. ಚೀಟಿಯಲ್ಲಿ ತೂಕ, ಬೆಲೆ, ತಯಾರಿಸಿದ ದಿನ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಎಲ್ಲ ಇರಬೇಕು. ಯಂತ್ರ ಮೊದಲು ಬಂದು ವಿದ್ಯುತ್ತು ಮೂರು ತಿಂಗಳು ತಡವಾಯಿತೆನ್ನಿ, ರೊಟ್ಟಿ ಬೇಯದಿದ್ದರೂ ಬಡ್ಡಿ ಬೇಯುತ್ತಲೇ ಇರುತ್ತದೆ. ಯಾವುದರ ಹಿಂದೆ ಯಾವುದು ಎಂದು ತಿಳಿದು, ಯಾರ ಮೇಜಿನ ಮೇಲೆ ಯಾವ ಕಾಗದ ಎಷ್ಟು ದಿನದಿಂದ ಕುಳಿತಿದೆ ಎಂದು ದಿನಚರಿಯಲ್ಲಿ ಗುರುತು ಹಾಕಿ, ಬೆಳಗ್ಗೆ ಒಬ್ಬರಿಗೆ ಫೋನು ಮಾಡಿ, ಮಧ್ಯಾಹ್ನ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದು ಸಂಯೋಜಕಿಯ ಪಾಲಿಗೆ ಬಂದ ದುಡಿಮೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆಯ ಕಷ್ಟವೆಲ್ಲ ಅವಳಿಗೆ ನಿತ್ಯದ ಅನುಭವ. ಈ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ; ಕೆಟ್ಟರೆ ಮಾತ್ರ ಬೀಳುತ್ತದೆ.

ಮೂರನೆಯದು ಲೆಕ್ಕ. ಇದು ಎಲ್ಲಕ್ಕಿಂತ ಮುಖ್ಯವಾದುದು. 2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯನ್ನು ತೆಗೆದುಕೊಳ್ಳಿ. ಅದರ ನಿಯಮದಂತೆ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಸಹಾಯಧನ. ನೂರಕ್ಕೆ 10ರಷ್ಟಾದರೂ ಉದ್ಯಮಿಯ ಸ್ವಂತ ಹಣ. ಉಳಿದುದು ಬ್ಯಾಂಕಿನ ಸಾಲ. ಹತ್ತು ಲಕ್ಷದ ಉದ್ಯಮಕ್ಕೆ ಮೂರೂವರೆ ಲಕ್ಷ ಸಿಗುತ್ತದೆ ಎಂದೊಡನೆ ಕೇಳಿದವರ ಮುಖ ಅರಳುತ್ತದೆ. ಆದರೆ ಆ ಹಣ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿರುತ್ತದೆ. ಮೂರು ವರ್ಷ ಉದ್ಯಮ ನಡೆದು, ಕಂತು ತಪ್ಪದಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಮುಚ್ಚಿದರೆ ಸಹಾಯಧನವೂ ಇಲ್ಲ, ಸಾಲವೂ ತಪ್ಪಲಿಲ್ಲ.

ಲೆಕ್ಕಕ್ಕಾಗಿ ಹೀಗೆಂದು ಇಟ್ಟುಕೊಳ್ಳೋಣ. ಒಂದು ರೊಟ್ಟಿಗೆ ಆರು ರೂಪಾಯಿ ಬೆಲೆ. ಹಿಟ್ಟು, ಉರುವಲು, ಕೂಲಿ, ಪೊಟ್ಟಣ ಎಲ್ಲ ಸೇರಿ ಐದು ರೂಪಾಯಿ ಖರ್ಚು. ಉಳಿದುದು ಒಂದು ರೂಪಾಯಿ. ತಿಂಗಳ ಕಂತು 15,000 ರೂಪಾಯಿಯಾದರೆ, ಕಂತಿಗಾಗಿಯೇ 15,000 ರೊಟ್ಟಿ ಮಾರಬೇಕು. ತಿಂಗಳಿಗೆ 25 ದಿನದ ಕೆಲಸವೆಂದರೆ ದಿನಕ್ಕೆ 600. ಅಷ್ಟು ಮಾರಿದ ಮೇಲೂ ಶಾಂತವ್ವನ ಮನೆಗೆ ಬಂದುದು ಸೊನ್ನೆ. ಆರುನೂರಾ ಒಂದನೆಯ ರೊಟ್ಟಿಯಿಂದ ಅವಳ ಸಂಪಾದನೆ ಆರಂಭ.

ಆಗ ಸಂಯೋಜಕಿ ಕೇಳಬೇಕಾದ ಪ್ರಶ್ನೆ ಒಂದೇ: “ಅಕ್ಕಾರ, ದಿನಾ ಆರನೂರು ರೊಟ್ಟಿ ಯಾರು ತಗೋತಾರ ಹೇಳ್ರಿ?” ಶಾಂತವ್ವ ಹೇಳುತ್ತಾಳೆ: “ಮಷೀನು ಬಂದಮ್ಯಾಲ ಮಂದಿ ತಾವಾಗೇ ಬರ್ತಾರ ಬಿಡವಾ.” ಈ ಉತ್ತರಕ್ಕೆ ತಲೆದೂಗಿ ಅರ್ಜಿ ತುಂಬಿಸುವುದು ಬಹಳ ಸುಲಭ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ. ನಾಲ್ಕು ಖಾನಾವಳಿ, ಎರಡು ವಿದ್ಯಾರ್ಥಿ ನಿಲಯ, ಬಸ್ ನಿಲ್ದಾಣದ ಮೂರು ಅಂಗಡಿ ಹೀಗೆ ತಿರುಗಿ, ಇಂತಿಷ್ಟು ಕೊಳ್ಳುತ್ತೇವೆಂದು ಅವರಿಂದ ಮಾತು ಪಡೆದು, ಇನ್ನೂರರ ಆಸರೆ ಸಿಕ್ಕರೆ ಇನ್ನೂರಕ್ಕೆ ತಕ್ಕ ಸಣ್ಣ ಯಂತ್ರ, ಸಣ್ಣ ಸಾಲ ಸಾಕೆಂದು ಹೇಳುವುದು ಕಷ್ಟ. ಕೆಲವೊಮ್ಮೆ “ಈ ವರ್ಷ ಸಾಲ ಬೇಡ, ಇನ್ನಾರು ತಿಂಗಳು ಕೈಯಿಂದಲೇ ಮಾಡಿ ಪೇಟೆ ನೋಡೋಣ” ಎನ್ನಬೇಕಾಗುತ್ತದೆ. ಕೂಡಿಸುವವನಿಗೆ ಕೂಡಿಸದಿರುವ ಧೈರ್ಯವೂ ಬೇಕು.

ಏಕೆ ಕಷ್ಟವೆಂದರೆ, ಈ ಕೆಲಸವನ್ನು ಅಳೆಯುವ ಕೋಲು ಅಂಥದು. ನಾನು ಹೇಳಿದ ಯೋಜನೆಯಲ್ಲಿ ಉದ್ಯಮಿಗಳಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಲಾಯಿತು. ಅವರ ಸಂಭಾವನೆ ಘಟಕಕ್ಕೆ ಇಷ್ಟು ಎಂದು. ಸಾಲ ಮಂಜೂರಾದಾಗ ಅರ್ಧ. ನೋಂದಣಿ, ತರಬೇತಿಗಳು ಮುಗಿದಾಗ ಉಳಿದರ್ಧ. ಮಂಜೂರಾದ ಸಾಲ ಎಣಿಕೆಗೆ ಸಿಗುತ್ತದೆ. ಸಕಾಲದಲ್ಲಿ ತಪ್ಪಿಸಿದ ಸಾಲ ಯಾವ ಪಟ್ಟಿಯಲ್ಲಿ ಸಿಕ್ಕೀತು? ಈ ತಿಂಗಳು ಎಷ್ಟು ಅರ್ಜಿ ಎಂದು ಮೇಲಿನವರು ಕೇಳುವುದು ಸಹಜ. ಎರಡು ವರ್ಷದ ಹಿಂದಿನ ಒಲೆಗಳಲ್ಲಿ ಎಷ್ಟು ಇಂದಿಗೂ ಉರಿಯುತ್ತಿವೆ ಎಂದು ಕೇಳುವವರು ಕಡಮೆ. ನಮ್ಮ ಶಾಲೆಗಳಲ್ಲಿಯೂ ಪರೀಕ್ಷೆಯ ಶೇಕಡಾವಾರು ಫಲಿತಾಂಶವನ್ನು ಕೇಳುತ್ತಾರಲ್ಲದೆ ಹುಡುಗ ಮುಂದೆ ಒಂದು ಪತ್ರ ಬರೆಯಬಲ್ಲನೇ ಎಂದು ಕೇಳುವುದಿಲ್ಲ. ಎಣಿಸಲು ಸುಲಭವಾದುದನ್ನೇ ಎಣಿಸುವುದು ಎಲ್ಲ ಕಡೆಯ ದೋಷ. ಆದರೆ ಇಲ್ಲಿ ಆ ದೋಷದ ಭಾರವನ್ನು ಹೊರುವವಳು ಶಾಂತವ್ವ.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಕೂಡಿಸುವುದೇ ಕೆಲಸವಾದರೆ ದಲ್ಲಾಳಿಯೂ ಕೂಡಿಸುತ್ತಾನಲ್ಲ, ಇಬ್ಬರಿಗೂ ಭೇದವೇನು? ನ್ಯಾಯವಾದ ಪ್ರಶ್ನೆ. ಇಬ್ಬರ ದಾರಿಯೂ ಮಂಜೂರಾತಿಯ ತನಕ ಒಂದೇ. ದಲ್ಲಾಳಿಯ ಆಸ್ಥೆ ಅಲ್ಲಿಗೆ ಮುಗಿಯುತ್ತದೆ, ಸಂಯೋಜಕನ ಆಸ್ಥೆ ಅಲ್ಲಿ ಆರಂಭವಾಗುತ್ತದೆ. ಈ ಒಂದು ಗುರುತಿನಿಂದ ಇಬ್ಬರನ್ನೂ ಬೇರ್ಪಡಿಸಬಹುದು.

ಮಂಜೂರಾತಿಯ ಆಚೆಗೆ ಏನಿದೆ? ಮೊದಲು ಕಾಗದಗಳ ಅರ್ಥವಿದೆ. ಸಾಲದ ಕಾಗದ ಎಷ್ಟೋ ವೇಳೆ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಹೈಪಾಥಿಕೇಶನ್ ಎಂದಿದ್ದರೆ, ಯಂತ್ರ ನಿನ್ನ ಮನೆಯಲ್ಲೇ ಇರುತ್ತದೆ, ಆದರೆ ಸಾಲ ತೀರುವವರೆಗೆ ಅದನ್ನು ಮಾರುವಂತಿಲ್ಲ ಎಂದು ತಿಳಿಯಹೇಳಬೇಕು. ಮೊರಟೋರಿಯಂ ಎಂದಿದ್ದರೆ, ಇಷ್ಟು ತಿಂಗಳು ಅಸಲಿನ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ನಿಂತಿರುವುದಿಲ್ಲ ಎಂದು ಹೇಳಬೇಕು. ಸಹಿ ಹಾಕುವುದಕ್ಕೆ ಮೊದಲು ಸಹಿಯ ಅರ್ಥ ತಿಳಿದಿರಬೇಕು. ಈ ಕೆಲಸಕ್ಕೆ ಇಂಗ್ಲಿಷು ಬಂದರೆ ಸಾಲದು, ಕನ್ನಡ ಚೆನ್ನಾಗಿ ಬರಬೇಕು. ಕಠಿನವಾದುದನ್ನು ತಾಯ್ನುಡಿಯಲ್ಲಿ ತಿಳಿಯಾಗಿ ಹೇಳಬಲ್ಲವನೇ ಒಳ್ಳೆಯ ಸಂಯೋಜಕನಾದಾನು. ಭಾಷೆ ಓದಿದವರಿಗೆ ಕೆಲಸವೆಲ್ಲಿದೆ ಎಂದು ಕೇಳುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಆಮೇಲೆ ವಸೂಲಿಯಿದೆ. ಖಾನಾವಳಿಯವರು, ಗುತ್ತಿಗೆದಾರರು ರೊಟ್ಟಿ ಕೊಂಡು ಮೂರು ತಿಂಗಳಾದರೂ ಹಣ ಕೊಡಲಿಲ್ಲವೆನ್ನಿ. ಸಣ್ಣ ಉದ್ಯಮ ಸಾಯುವುದು ನಷ್ಟದಿಂದಲೇ ಅಲ್ಲ. ಬರಬೇಕಾದ ಹಣ ಬಾರದೆಯೂ ಸಾಯುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಲ್ಲಿ ಇದಕ್ಕೆ ಉಪಾಯವಿದೆ. ಬರಹದಲ್ಲಿ ಒಪ್ಪಂದವಿದ್ದರೆ ಒಪ್ಪಿದ ದಿನಕ್ಕೆ, ಅದೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು. ಇದರ ಪ್ರಯೋಜನ ಪಡೆಯಲು ಉದ್ಯಮ ನೋಂದಣಿಯಾಗಿರಬೇಕು. 2020ರ ಜುಲೈ ಒಂದರಿಂದ ಜಾರಿಗೆ ಬಂದ ಈ ‘ಉದ್ಯಮ್’ ನೋಂದಣಿಗೆ ಸರಕಾರ ಶುಲ್ಕವಿಟ್ಟಿಲ್ಲ. ಆದರೂ ಇದಕ್ಕೆ ನೂರಾರು ರೂಪಾಯಿ ಕೀಳುವವರುಂಟು, ಎಚ್ಚರವಿರಲಿ. ಕಾಯಿದೆ ಇದೆಯೆಂದು ಕೂಡಲೇ ಗಿರಾಕಿಯ ಮೇಲೆ ನೋಟೀಸು ಕಳುಹಿಸಬೇಕೆಂದಲ್ಲ. ನಾಳೆಯೂ ಅವನಿಗೇ ರೊಟ್ಟಿ ಮಾರಬೇಕು. ಕಾಯಿದೆಯನ್ನು ಬಲ್ಲವಳು ಮೆಲ್ಲನೆ ಮಾತನಾಡಬಲ್ಲಳು, ಅಷ್ಟೆ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಕೆಲಸಕ್ಕೆ ಹೋಗಬಯಸುವ ತರುಣ ತರುಣಿಯರಿಗೆ ಒಂದು ಮಾತನ್ನು ಮುಚ್ಚಿಡಬಾರದು. ಇದು ಬಹುಮಟ್ಟಿಗೆ ಗುತ್ತಿಗೆಯ ಕೆಲಸ. ಯೋಜನೆಯ ಅವಧಿ ಮುಗಿದರೆ ಹುದ್ದೆಯೂ ಮುಗಿಯಬಹುದು. ಅಧಿಕಾರವಿಲ್ಲ, ಹೊಣೆಯುಂಟು. ಬ್ಯಾಂಕಿನವರನ್ನು ಆಜ್ಞಾಪಿಸಲಾಗದು, ಕಛೇರಿಯವರನ್ನು ಗದರಿಸಲಾಗದು. ನೆನಪಿಸುವುದು, ಕೇಳಿಕೊಳ್ಳುವುದು, ಮತ್ತೆ ನೆನಪಿಸುವುದು ಇಷ್ಟೇ ಕೈಯಲ್ಲಿರುವ ಆಯುಧ. ಆದರೆ ಎರಡು ಮೂರು ವರ್ಷ ನಿಷ್ಠೆಯಿಂದ ಮಾಡಿದವರಿಗೆ ಒಂದು ಜಿಲ್ಲೆಯ ಆರ್ಥಿಕ ಜೀವನ ಅಂಗೈ ನೆಲ್ಲಿಯಾಗುತ್ತದೆ. ಯಾವ ಊರಿನಲ್ಲಿ ಯಾವ ಕಸಬಿದೆ, ಯಾರ ಮಾತು ನಂಬಬಹುದು, ಯಾವ ವ್ಯಾಪಾರ ಯಾವ ತಿಂಗಳಲ್ಲಿ ಸೊರಗುತ್ತದೆ ಎಂಬ ತಿಳಿವು ಯಾವ ಪುಸ್ತಕದಲ್ಲಿಯೂ ಸಿಗದು. ಹುದ್ದೆ ಹೋದರೂ ಆ ತಿಳಿವು ಹೋಗುವುದಿಲ್ಲ. ಅದರ ಜೊತೆಗೆ “ಆ ಹುಡುಗಿ ಹೇಳಿದರೆ ಸರಿಯಿರುತ್ತದೆ” ಎಂಬ ಹೆಸರು ಬಂದರೆ, ಮುಂದಿನ ಕೆಲಸಕ್ಕೆ ಅದೇ ಶಿಫಾರಸು.

ನಿಮ್ಮ ಮನೆಯಲ್ಲಿಯೂ ಹಪ್ಪಳ, ಚಟ್ನಿಪುಡಿ, ಹೊಲಿಗೆ, ಹೈನು ಹೀಗೆ ಏನಾದರೊಂದು ಕಸಬಿರಬಹುದು. ನಾಳೆ ಒಬ್ಬರು ಯೋಜನೆಯ ಕಾಗದ ಹಿಡಿದು ನಿಮ್ಮ ಬಾಗಿಲಿಗೆ ಬಂದಾರು. ಅವರನ್ನು ನಾಲ್ಕು ಪ್ರಶ್ನೆ ಕೇಳಿ. ತಿಂಗಳ ಕಂತು ತೀರಲು ನಾನೆಷ್ಟು ಮಾರಬೇಕು? ಕೊಳ್ಳುವವರು ಯಾರು? ಸಹಾಯಧನ ಯಾವಾಗ, ಯಾವ ಷರತ್ತಿನ ಮೇಲೆ ಸಲ್ಲುತ್ತದೆ? ಒಂದು ವರ್ಷ ಕಳೆದ ಮೇಲೆ ನಿಮ್ಮನ್ನು ಎಲ್ಲಿ ಕಾಣಬೇಕು? ನಾಲ್ಕಕ್ಕೂ ನೇರವಾದ ಉತ್ತರ ಕೊಡುವವರು ಬಂದರೆ ಚಾಪೆ ಹಾಸಿ ಕೂರಿಸಿ. ಮೊದಲ ಮೂರಕ್ಕೆ ಜಾಣ ಉತ್ತರ ಕೊಟ್ಟು ನಾಲ್ಕನೆಯದಕ್ಕೆ ನಕ್ಕುಬಿಡುವವರು ಬಂದರೆ ನೀರು ಕೊಟ್ಟು ಕಳುಹಿಸಿ.

ಸಂಯೋಜಕನನ್ನು ಪ್ರತ್ಯಯಕ್ಕೆ ಹೋಲಿಸಿದೆನಷ್ಟೆ. ಆ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ನಡೆಸಬಹುದು. ‘ಮಳೆಯ ಕಾಲ’ ಎಂಬಲ್ಲಿ ನಡುವೆ ಷಷ್ಠೀ ಪ್ರತ್ಯಯವಿದೆ. ಎರಡು ಪದಗಳೂ ಚೆನ್ನಾಗಿ ಬೆಸೆದು ಸಮಾಸವಾದಾಗ ‘ಮಳೆಗಾಲ’ವಾಗುತ್ತದೆ. ಪ್ರತ್ಯಯ ಅಲ್ಲಿ ಕಾಣುವುದಿಲ್ಲ, ಅದರ ಅರ್ಥ ಮಾತ್ರ ಉಳಿದಿರುತ್ತದೆ. ಶಾಂತವ್ವನು ಬ್ಯಾಂಕಿಗೆ ತಾನೇ ಹೋಗಿ ಬರುವಂತಾದಾಗ, ಖಾನಾವಳಿಯವನು ನೇರವಾಗಿ ಅವಳಿಗೇ ಫೋನು ಮಾಡುವಂತಾದಾಗ, ಕಂತಿನ ಲೆಕ್ಕವನ್ನು ಅವಳ ಮಗಳು ಬರೆಯುವಂತಾದಾಗ, ನಡುವಿನ ಸಂಯೋಜಕಿಯ ಅಗತ್ಯ ಅಲ್ಲಿ ತೀರುತ್ತದೆ. ಹಾಗೆ ತೀರಲೆಂದೇ ಅವಳು ದುಡಿಯಬೇಕು. ಒಳ್ಳೆಯ ಉಪಾಧ್ಯಾಯನ ಗುರಿಯೂ ಅದೇ ಆದುದರಿಂದ, ಈ ಕೆಲಸವನ್ನು ನಾನು ನಮ್ಮ ಕೆಲಸದ ನೆಂಟನೆಂದೇ ಭಾವಿಸುತ್ತೇನೆ. ನಿಮ್ಮ ಮಗಳು ಏನು ಕೆಲಸ ಮಾಡುತ್ತಾಳೆಂದು ನೆರೆಯವರು ಕೇಳಿದರೆ, ಇನ್ನು ಮೇಲೆ ನೀವು ಸಂಕೋಚವಿಲ್ಲದೆ ಹೇಳಬಹುದು: “ಬೇರೆ ಬೇರೆ ಇದ್ದವರನ್ನು ಕೂಡಿಸುತ್ತಾಳೆ, ಕೂಡಿದ್ದು ಗಟ್ಟಿಯಾಗುವ ತನಕ ಜೊತೆಗಿರುತ್ತಾಳೆ.”